ಹರಿಯದ ಹಗ್ಗ

ಒದ್ದೆ ಹಗ್ಗಕ್ಕೆ ಒಂದು ವಾಸನೆ ಇರುತ್ತದೆ. ಕೆಸರು, ಬೆವರು, ಮಳೆಯಲ್ಲಿ ತೊಯ್ದ ನಾಯಿಯ ಮೈ, ಇವಿಷ್ಟೂ ಸೇರಿದಂಥ ವಾಸನೆ. ಎಷ್ಟು ತಿಕ್ಕಿ ತೊಳೆದರೂ ಹೋಗುವುದಿಲ್ಲ. ನಿನ್ನೆ ಸಂಜೆ ಬನಹಟ್ಟಿಯ ನಮ್ಮ ಮನೆಯ ಅಂಗಳದಲ್ಲಿ ಬಕೀಟು ಇಟ್ಟುಕೊಂಡು ಹಗ್ಗ ತೊಳೆಯಲು ಕೂತಿದ್ದೆ. ಜಮಖಂಡಿಯ ಗುಡ್ಡದಲ್ಲಿ ಫೋಟೋ ತೆಗೆಯಲು ಹೋಗಿ ಬಂಡೆಯ ನಡುವೆ ಸಿಕ್ಕಿಬಿದ್ದಿದ್ದ ಇಬ್ಬರನ್ನು ಮಧ್ಯಾಹ್ನವಷ್ಟೇ ಮೇಲೆಳೆದಿದ್ದೆವು. ಮಳೆ ಹೊಡೆಯತೊಡಗಿದ್ದರಿಂದ ಹಗ್ಗಗಳನ್ನು ಬಿಚ್ಚದೆ ಹಾಗೇ ಚೀಲಕ್ಕೆ ತುರುಕಿ ತಂದಿದ್ದೆವು. ಮೊಳ ಮೊಳ ಎಳೆದು ತಿಕ್ಕುತ್ತ ಹೋದಾಗ ನಡುವೆ ಒಂದು ಗಂಟು ಬೆರಳಿಗೆ ತಾಗಿತು. ಕೈ ನಿಂತುಬಿಟ್ಟಿತು. ತಲೆಯೆತ್ತಿ ಎದುರು ಮನೆಯ ಕಟ್ಟೆ ನೋಡಿದೆ. ಯಾರೂ ಇರಲಿಲ್ಲ. ನಾಲ್ಕು ವರ್ಷದಿಂದ ಅಲ್ಲಿ ಯಾರೂ ಇಲ್ಲ...

ಆ ಗಂಟಿನ ಮಾತು ಕೊನೆಗೆ ಹೇಳುತ್ತೇನೆ. ಮೊದಲು ಆ ಕಟ್ಟೆಯ ಮೇಲೆ ಕೂರುತ್ತಿದ್ದ ಕಾಕಾನ ಮಾತು. ರಕ್ತಸಂಬಂಧ ಏನೂ ಇಲ್ಲ, ಎದುರು ಮನೆಯವನು, ಅಪ್ಪನ ವಾರಿಗೆಯವನು, ಅದಕ್ಕೆ ಕಾಕಾ. ಎದುರಿಗೆ ‘ರೀ’ ಹಚ್ಚಿ ಮಾತಾಡಿಸುತ್ತಿದ್ದೆ, ಮನಸ್ಸಿನಲ್ಲಿ ಏಕವಚನವೇ ಇತ್ತು. ಬರೆಯುವಾಗಲೂ ಅದೇ ಇರಲಿ. ಒಂದು ವರ್ಷ ಪೂರ್ತಿ ನಾನು ಅವನು ಬೀಳುವುದನ್ನೇ ಕಾದಿದ್ದೆ. ಗುಡ್ಡದ ಮೇಲಿಂದ, ಕಲ್ಲಿನ ಮೇಲೆ, ನನ್ನ ತಮ್ಮ ಬಿದ್ದ ಹಾಗೆ.

ಕಾಕಾ ನೇಕಾರ. ಮೊದಲು ಕೈಮಗ್ಗ, ಆಮೇಲೆ ಪವರ್‌ಲೂಮು. ಆದರೆ ಸುತ್ತ ನಾಲ್ಕು ತಾಲೂಕಿನ ಮಂದಿ ಅವನನ್ನು ಗುರುತಿಸುತ್ತಿದ್ದದ್ದು ಸೀರೆಯಿಂದಲ್ಲ, ಹಗ್ಗದಿಂದ. ಯಾರೋ ಬಾವಿಗೆ ಬಿದ್ದರು, ಹೊಳೆಯ ನಡುವೆ ಸಿಕ್ಕರು, ಕಲ್ಲಿನ ಕ್ವಾರಿಯಲ್ಲಿ ಜಾರಿದರು, ಗುಡ್ಡ ಹತ್ತಿ ಇಳಿಯಲಾಗದೆ ಕೂತರು ಎಂದರೆ ಮೊದಲ ಫೋನು ಕಾಕಾನಿಗೆ. ದೂರದಿಂದ ದೊಡ್ಡ ಗಾಡಿ ಬಂದು ಮುಟ್ಟುವುದರೊಳಗೆ ಇವರು ಮುಟ್ಟುತ್ತಿದ್ದರು. ಎಂಟು ಹತ್ತು ಜನ, ಬಹುತೇಕ ಎಲ್ಲರೂ ಮಗ್ಗದವರು, ಜೊತೆಗೆ ಒಬ್ಬ ಟೆಂಪೊದವನು. ಹೆಸರು ಗಿಸರು ಇರಲಿಲ್ಲ, ಬೋರ್ಡಿರಲಿಲ್ಲ. ಮಂದಿ ‘ಹಗ್ಗದವರು’ ಎನ್ನುತ್ತಿದ್ದರು. ಕರೆ ಬಂದರೆ ಮಗ್ಗ ನಿಲ್ಲಿಸಿ ಓಡುತ್ತಿದ್ದರು. ಹಗ್ಗಗಳೆಲ್ಲ ಕಾಕಾನ ಅಂಗಳದ ಗೂಟಕ್ಕೆ ನೇತಾಡುತ್ತಿದ್ದವು.

ನನ್ನ ತಮ್ಮ ಹದಿನೆಂಟಕ್ಕೇ ಅವರ ಜೊತೆ ಸೇರಿದ. ನನಗಿಂತ ಆರು ವರ್ಷ ಸಣ್ಣವನು, ಮೈಯಲ್ಲಿ ಮಾತ್ರ ಎರಡು ಪಟ್ಟು. ನಾನು ಮನೆಯಲ್ಲಿ ಕೂತು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದರೆ ಅಣಕಿಸುತ್ತಿದ್ದ, “ಅಕ್ಕಾ, ನೀ ಕಂಡಿಕಿ ಸುತ್ತು, ನಾ ಗುಡ್ಡ ಸುತ್ತತೀನಿ.” ಅವ್ವ ಅವನ ರೊಟ್ಟಿಗೆ ಕೈ ಬಿಗಿ ಮಾಡದೆ ತುಪ್ಪ ಹಚ್ಚುತ್ತಿದ್ದಳು. ನನ್ನ ರೊಟ್ಟಿಗೆ ತುಪ್ಪದ ಕೈ ಒರೆಸುತ್ತಿದ್ದಳು ಅಷ್ಟೆ. ಅದಕ್ಕೂ ನಾನು ಜಗಳ ತೆಗೆದದ್ದುಂಟು.

ಇಲ್ಲಿ ಗಂಟಿನ ವಿಷಯ ಸ್ವಲ್ಪ ಹೇಳಬೇಕು. ನೂಲು ಹರಿದರೆ ನೇಕಾರರು ಕಟ್ಟುವ ಗಂಟೊಂದಿದೆ. ಸಣ್ಣದು, ಚಪ್ಪಟೆ, ಮಗ್ಗದಲ್ಲಿ ಬಾಚಣಿಗೆಯಂತಿರುವ ಫಣಿಯ ಹಲ್ಲಿನ ನಡುವೆ ಸಿಗದೆ ದಾಟುತ್ತದೆ. ನಮ್ಮ ಮನೆಗಳಲ್ಲಿ ಮಕ್ಕಳು ಅಕ್ಷರಕ್ಕಿಂತ ಮೊದಲು ಅದನ್ನು ಕಲಿಯುತ್ತಾರೆ. ಎರಡು ಬೆರಳು ಮತ್ತು ಒಂದು ಹೆಬ್ಬೆರಳು ಸಾಕು, ಕಣ್ಣು ಬೇಕಿಲ್ಲ. ಕಾಕಾ ಅದನ್ನು ಮಾತಾಡುತ್ತ, ಎಲಡಿಕೆ ಜಗಿಯುತ್ತ, ಇನ್ನೊಬ್ಬರನ್ನು ಬೈಯುತ್ತ ಕಟ್ಟುತ್ತಿದ್ದ. ಹತ್ತಿಗೆ ಜುಂಗು ಇರುತ್ತದೆ, ಒಂದನ್ನೊಂದು ಹಿಡಿದುಕೊಳ್ಳುತ್ತದೆ. ಆದ್ದರಿಂದ ಹತ್ತಿಯಲ್ಲಿ ಆ ಗಂಟು ಜನ್ಮದಲ್ಲಿ ಬಿಚ್ಚುವುದಿಲ್ಲ. ನೈಲಾನಿಗೆ ಜುಂಗಿಲ್ಲ. ಬಿಗಿದು ಸಡಿಲಾಗಿ, ಮತ್ತೆ ಬಿಗಿದು ಸಡಿಲಾದರೆ ನೈಲಾನು ಆ ಗಂಟಿನೊಳಗಿಂದ ಹಾವಿನ ಹಾಗೆ ಜಾರಿ ಹೊರಗೆ ಬರುತ್ತದೆ. ಇದು ಈಗ ನನಗೆ ಗೊತ್ತು. ಆಗ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೇರೆ ಕಸುಬಿನವರಾಗಿದ್ದರೆ ಆ ಗಂಟು ಹಾಕುತ್ತಲೇ ಇರಲಿಲ್ಲ.

ಕಾರಹುಣ್ಣಿಮೆಗೆ ನಾಲ್ಕು ದಿನವಿತ್ತು. ಬೀಳಗಿ ಕಡೆಯ ಒಂದು ಗುಡ್ಡದಲ್ಲಿ ಕುರಿ ಹಿಂದೆ ಹೋದವನೊಬ್ಬ ಕಡಿದಾದ ಬಂಡೆಯ ಕೆಳಗೆ ಸಿಕ್ಕಿದ್ದ. ಹಳೆಯ ಹತ್ತಿ ಹಗ್ಗ ಸಾಲಲಿಲ್ಲ. ಅದಕ್ಕೆ ಕಾಕಾ ಹೊಸ ನೈಲಾನ್ ಹಗ್ಗ ಜೋಡಿಸಿದ. ತಮ್ಮ ಇಳಿದ, ಕುರಿಯವನಿಗೆ ಸೊಂಟಪಟ್ಟಿ ಕಟ್ಟಿ ಮೊದಲು ಅವನನ್ನು ಕಳಿಸಿದ. ಹಗ್ಗ ಮತ್ತೆ ಕೆಳಗೆ ಹೋಯಿತು. ಈ ಸಲ ತಮ್ಮ ಕಟ್ಟಿಕೊಂಡ. ಅರ್ಧಕ್ಕೆ ಬಂದಿದ್ದ...

ಮನೆಗೆ ತಂದಾಗ ಕಾಕಾ ಬಾಗಿಲಲ್ಲಿ ನಿಂತು ಅವ್ವನಿಗೆ ಹೇಳಿದ್ದು ಎರಡೇ ಮಾತು. “ಹಗ್ಗ ಹರೀತು ವೈನಿ. ಹಗ್ಗ ಹರೀತು.”

ಊರು ಅದನ್ನೇ ಹೇಳಿತು. ಪೊಲೀಸರ ಕಾಗದದಲ್ಲೂ ಅದೇ ಬರೆದರು. ಮಾತಾಡಿಸಲು ಬಂದವರಲ್ಲಿ ಒಬ್ಬ ತಲೆಹೋಕ ಸಮಾಧಾನ ಹೇಳುವ ಧಾಟಿಯಲ್ಲಿ, “ಮೈ ಭಾರ ಇತ್ತಲ್ರಿ ಹುಡುಗಂದು, ಹಗ್ಗ ತಡೀಲಿಲ್ಲ” ಎಂದ. ಅವ್ವ ಅದನ್ನು ಕೇಳಿಸಿಕೊಂಡಳು. ಅಂದಿನಿಂದ ತುಪ್ಪದ ಗಿಂಡಿಯನ್ನು ಗೋಡೆಯ ಮಾಡದಲ್ಲಿಟ್ಟು ಅದರ ಬಾಯಿಗೆ ಬಟ್ಟೆ ಕಟ್ಟಿಬಿಟ್ಟಳು. ಕೂತಲ್ಲಿ ಕೂತು ಗೊಣಗುತ್ತಿದ್ದಳು, “ನಾನ ಅವನ್ನ ಭಾರ ಮಾಡಿದೆ. ತುಪ್ಪ ಹಚ್ಚಿ ಹಚ್ಚಿ ನಾನ ಭಾರ ಮಾಡಿದೆ.”

ಐದನೆಯ ದಿನ ತಮ್ಮನ ಚಪ್ಪಲಿ ಕಾಕಾನ ಮನೆಯಲ್ಲಿದೆ ಎಂದು ತರಲು ಹೋದೆ. ಗೂಟಕ್ಕೆ ಆ ಎರಡೂ ಹಗ್ಗ ನೇತು ಹಾಕಿದ್ದರು. ಒಂದರ ತುದಿ ಹಿಡಿದು ನೋಡಿದೆ, ಇನ್ನೊಂದರದು ನೋಡಿದೆ. ನೈಲಾನಿನ ತುದಿಯಲ್ಲಿ ಅಂಗಡಿಯವನು ಸುಟ್ಟು ಅಂಟಿಸಿದ ಮೊಗ್ಗು ಹಾಗೇ ಇತ್ತು. ಹತ್ತಿಯ ತುದಿಗೆ ಸುತ್ತಿದ ನೂಲು ಕೂಡ ಬಿಚ್ಚಿರಲಿಲ್ಲ. ಎರಡು ಹಗ್ಗ, ನಾಲ್ಕು ತುದಿ, ಎಲ್ಲೂ ಹರಿದಿಲ್ಲ. ಹುಟ್ಟಿದಾಗಿನಿಂದ ಹರಿದ ನೂಲು ಕಂಡವಳು ನಾನು. ಹರಿದದ್ದಕ್ಕೂ ಬಿಚ್ಚಿದ್ದಕ್ಕೂ ಇರುವ ಫರಕು ನನಗೆ ಯಾರೂ ಕಲಿಸಬೇಕಿರಲಿಲ್ಲ.

ಅವ್ವನಿಗೆ ಹೇಳಿದೆ. ನಂಬಲಿಲ್ಲ. “ನಿಮ್ಮ ಕಾಕಾ ಯಾಕ ಸುಳ್ಳ ಹೇಳ್ತಾನ? ಹಂಗಿದ್ರ ಅಂವ ಹೇಳ್ಳಿ” ಎಂದು ಗೋಡೆಯ ಕಡೆ ಮುಖ ತಿರುಗಿಸಿದಳು. ಅಪ್ಪ ತೀರಿಕೊಂಡ ವರ್ಷ ನಮ್ಮನ್ನು ಎತ್ತಿ ನಿಲ್ಲಿಸಿದವನು ಕಾಕಾ. ಅವನ ಮಾತು ಅವಳಿಗೆ ಕಲ್ಲಿನ ಮೇಲಿನ ಬರಹ. ಸರಿ, ಅವನ ಬಾಯಿಂದಲೇ ಬರಬೇಕು, ಇಲ್ಲವೇ ಅವನೂ ಹಾಗೇ ಬೀಳಬೇಕು. ಎರಡರಲ್ಲಿ ಒಂದಾಗದೆ ನಾನು ಬಿಡುವುದಿಲ್ಲ ಎಂದು ಅಂದೇ ನಿರ್ಧರಿಸಿದೆ.

ಕಾಕಾನ ಹೆಂಡತಿ ಹದಿಮೂರು ದಿನವೂ ಬುಟ್ಟಿ ತುಂಬ ರೊಟ್ಟಿ ಪಲ್ಯ ಕಳಿಸಿದಳು. ಅವಳ ತಪ್ಪೇನೂ ಇರಲಿಲ್ಲ. ಆದರೂ ನಾನು ಅವನ್ನು ಹಿತ್ತಲಿನ ನಾಯಿಗೆ ಹಾಕಿ, ಬುಟ್ಟಿ ತೊಳೆದು, ನಗುತ್ತ ವಾಪಸ್ಸು ಕೊಟ್ಟೆ. ಹದಿನಾಲ್ಕನೆಯ ದಿನ ಕಾಕಾನ ಎದುರು ಹೋಗಿ ನಿಂತೆ.

“ಕಾಕಾ, ಇನ್ನ ಹಗ್ಗ ನಾ ನೋಡ್ಕೋತೇನ್ರಿ. ತೊಳಿಯೂದು, ಒಣಗ್ಸೂದು, ಸವದಿದ್ದ ಹುಡಕೂದು. ಗುಡ್ಡಕ್ಕೂ ಬರ್ತೇನಿ.”

ಕಟ್ಟೆಯ ಮೇಲೆ ಕೂತಿದ್ದವನು ತಲೆಯೆತ್ತಿ ನನ್ನನ್ನು ನೋಡಿದ. “ಹೆಣ್ಣಮಗಳು ಯಾಕವಾ” ಎಂದು ಕೇಳಬಹುದು ಎಂದುಕೊಂಡಿದ್ದೆ. ಕೇಳಲಿಲ್ಲ. ಎದ್ದು ಹೋಗಿ ಹಗ್ಗದ ಚೀಲ ತಂದು ನನ್ನ ಕಾಲ ಬಳಿ ಇಟ್ಟ.

“ಛಲೋ ನೋಡು ಯವ್ವಾ. ಬಿಗಿ ಹಿಡದು ನೋಡು.”

ಇಷ್ಟು ಸುಲಭವಾಗಿ ಸಿಕ್ಕಿದ್ದಕ್ಕೆ ನನಗೆ ಒಳಗೇ ನಗು ಬಂತು. ಕುರಿ ಕಾಯಲು ತೋಳನನ್ನು ಇಟ್ಟ ಹಾಗಾಯಿತು ಅಂದುಕೊಂಡೆ.

ಆ ವರ್ಷ ಮಳೆ ಜೋರು. ಮೇಲಿನ ಆಣೆಕಟ್ಟುಗಳಿಂದ ನೀರು ಬಿಟ್ಟರು, ಕೃಷ್ಣೆ ಹಿಪ್ಪರಗಿಯ ಹತ್ತಿರ ಕಬ್ಬಿನ ಮೇಲೆ ಹರಿಯಿತು. ನಡುಗಡ್ಡೆಯಾದ ತೋಟದಲ್ಲಿ ಒಬ್ಬ ಮುದುಕ ಎಮ್ಮೆಯ ಕೊರಳು ತಬ್ಬಿಕೊಂಡು ಕೂತಿದ್ದ. ಸೊಂಟಮಟ್ಟ ನೀರು. ಹಗ್ಗ ಹಿಡಿದು ಹತ್ತಿರ ಹೋದರೆ ಅವನದು ಒಂದೇ ಹಟ, “ಎಮ್ಮಿ ಬಿಟ್ಟ ನಾ ಬರಾಂಗಿಲ್ಲ. ಮೊದಲ ಆಕೀನ್ನ ಒಯ್ರಿ.” ಟೆಂಪೊದವನು ರೇಗಿದ, “ಯಜ್ಜಾ, ಎಮ್ಮಿಗೆ ಈಸ ಬರ್ತೈತಿ, ನಿನಗ ಬರ್ತೈತೇನು?” ಕಾಕಾ ಬೈಯಲಿಲ್ಲ. ಎಮ್ಮೆಯ ಕೊಂಬಿಗೆ ಹಗ್ಗ ಹಾಕಿದ, ಮುದುಕನನ್ನು ಅದರ ಬೆನ್ನಿಗೆ ಕಟ್ಟಿದ, ಇಬ್ಬರನ್ನೂ ಒಟ್ಟಿಗೆ ಎಳೆಸಿದ. ದಡದ ಮೇಲೆ ಜನ ಕೇಕೆ ಹಾಕಿದರು. ನನಗೂ ಕ್ಷಣ ನಗು ಬಂದು, ಕೂಡಲೇ ನಾಲಿಗೆ ಕಚ್ಚಿಕೊಂಡೆ. ಅವನನ್ನು ಮೆಚ್ಚಿಕೊಳ್ಳಲು ನಾನು ಬಂದಿರಲಿಲ್ಲ.

ನಾನು ಬಂದದ್ದು ತಪ್ಪು ಹುಡುಕಲು. ಅವನು ಹಾಕಿದ ಪ್ರತಿ ಗಂಟನ್ನೂ ನೋಡುತ್ತಿದ್ದೆ. ಮನೆಯಲ್ಲಿ ಮೊಬೈಲಿನಲ್ಲಿ ವಿಡಿಯೊ ನೋಡಿ ಬೇರೆ ಗಂಟುಗಳನ್ನು ಕಲಿತೆ. ಇಂಗ್ಲಿಷಿನ ಎಂಟರ ಹಾಗೆ ಕಾಣುವ ಒಂದನ್ನು ಮಂಚದ ಕಾಲಿಗೆ ಕಟ್ಟಿ ನೂರು ಸಲ ಎಳೆದೆ, ನೈಲಾನಿನಲ್ಲೂ ಜಾರಲಿಲ್ಲ. ಆಗ ಇನ್ನೊಂದು ವಿಷಯವೂ ಗಮನಕ್ಕೆ ಬಂತು. ತಮ್ಮ ಹೋದ ಮೇಲೆ ಕಾಕಾ ಎರಡು ಹಗ್ಗ ಜೋಡಿಸುವುದನ್ನೇ ಬಿಟ್ಟಿದ್ದ. ಎಲ್ಲಿಗೆ ಹೋದರೂ ಒಂದೇ ಉದ್ದನೆಯ ಹೊಸ ಹಗ್ಗ ಹೊರಿಸಿಕೊಂಡು ಹೋಗುತ್ತಿದ್ದ, ಅದರ ಭಾರಕ್ಕೆ ಉಳಿದವರು ಗೊಣಗುತ್ತಿದ್ದರು. ಅಂದರೆ ಅವನಿಗೆ ಗೊತ್ತು. ಗೊತ್ತಿದ್ದೂ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಕೂತಿದ್ದಾನೆ... ನನ್ನ ಹೊಟ್ಟೆಯ ಬೆಂಕಿಗೆ ಎಣ್ಣೆ ಬಿತ್ತು.

ಚಳಿಗಾಲದಲ್ಲಿ ತೇರದಾಳದ ಕಡೆ ಒಂದು ಬಾವಿ. ಮದುವೆಯಾಗಿ ವರ್ಷವಾಗಿರದ ಹುಡುಗಿ ಹಾರಿಕೊಂಡಿದ್ದಳು. ಸತ್ತಿರಲಿಲ್ಲ, ಕಲ್ಲಿನ ಚಾಚು ಹಿಡಿದು ನಿಂತಿದ್ದಳು. ಗಂಡಸರು ಇಳಿದರೆ ಕೈ ಬಿಡುತ್ತೇನೆ ಎಂದು ಚೀರುತ್ತಿದ್ದಳು. ಎಲ್ಲರೂ ನನ್ನ ಮುಖ ನೋಡಿದರು. ಕಾಕಾ ಸೊಂಟಪಟ್ಟಿಗೆ ಹಗ್ಗ ಕಟ್ಟಿದ. ನಾನು ಅಷ್ಟೂ ಜನರ ಎದುರು ಆ ಗಂಟನ್ನು ಬಿಚ್ಚಿ ನೋಡಿದೆ, ಮತ್ತೆ ಕಟ್ಟಿಸಿದೆ, ಮತ್ತೆ ಬಿಚ್ಚಿಸಿದೆ. ಮೂರು ಸಲ. ಅವಮಾನ ಆಗಲಿ ಎಂದೇ ಮಾಡಿದ್ದು. ಅವನು ಮೂರು ಸಲವೂ ತಾಳ್ಮೆಯಿಂದ ಕಟ್ಟಿದ. ಮುಖದಲ್ಲಿ ಸಿಟ್ಟು ಹುಡುಕಿದೆ, ಸಿಗಲಿಲ್ಲ. ನಿರಾಳವಾದವನ ಹಾಗೆ ಕಂಡ.

ಕೆಳಗೆ ಆ ಹುಡುಗಿ ನನ್ನ ಕೊರಳಿಗೆ ಜೋತುಬಿದ್ದು, “ಮ್ಯಾಲ ಬಂದ್ರ ಮತ್ತ ಅದ ಮನಿ ಅಕ್ಕಾ” ಎಂದು ಅತ್ತಳು. “ಮ್ಯಾಲ ಬಂದ ಬೈಯೂಣು ಬಾ, ಇಲ್ಲಿ ನಿಂತ್ರ ಯಾರಿಗೂ ಕೇಳಾಂಗಿಲ್ಲ” ಎಂದೆ. ಹಗ್ಗ ಹಿಡಿದವರಲ್ಲಿ ಕಾಕಾ ಮುಂದೆ ಇದ್ದ. ಮೇಲೆ ಬಂದಾಗ ಅವನ ಅಂಗೈ ಸುಲಿದು ರಕ್ತ ಬಂದಿತ್ತು. ಬರಲಿ ಎಂದುಕೊಂಡೆ. ಹುಡುಗಿ ತವರಿಗೆ ಹೋದಳು. ಸಂಕ್ರಾಂತಿಗೆ ನನಗೆ ಕುಸುರೆಳ್ಳು ಕಳಿಸಿದಳು.

ಹೀಗೆ ವರ್ಷ ತಿರುಗಿತು. ಎಷ್ಟು ಬಾವಿ, ಎಷ್ಟು ಕ್ವಾರಿ... ಮುಧೋಳದ ಹತ್ತಿರ ಹಾಳುಬಾವಿಗೆ ಬಿದ್ದ ಬೇಟೆನಾಯಿಯನ್ನು ತೆಗೆದದ್ದೂ ಉಂಟು. ನಾಯಿ ಟೆಂಪೊದವನ ಕೈ ಕಚ್ಚಿತು, ನಾಯಿಯ ಒಡೆಯ ಟೆಂಪೊದವನನ್ನೇ ಬೈದ. ಮೊಸರಿನಲ್ಲಿ ಕಲ್ಲು ಹುಡುಕಿದ ಹಾಗೆ ನಾನು ಕಾಕಾನ ಕೆಲಸದಲ್ಲಿ ತಪ್ಪು ಹುಡುಕುತ್ತಲೇ ಇದ್ದೆ. ಮನೆಯಲ್ಲಿ ಅವ್ವ ಒಣ ರೊಟ್ಟಿ ಮುರಿದು ತಿನ್ನುತ್ತ ಕಡ್ಡಿಯಾಗುತ್ತಿದ್ದಳು. ಅವಳ ತುತ್ತು ನೋಡಿದಾಗೆಲ್ಲ ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ನನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದೆ.

ಮತ್ತೆ ಕಾರಹುಣ್ಣಿಮೆ ಹತ್ತಿರ ಬಂತು. ಒಂದು ಬೆಳಿಗ್ಗೆ ಎರಡು ಕರೆ ಒಟ್ಟಿಗೆ ಬಂದವು. ಚಿಕ್ಕಪಡಸಲಗಿಯ ಬ್ಯಾರೇಜಿನ ಹತ್ತಿರ ಯಾರೋ ಕೊಚ್ಚಿಹೋಗಿದ್ದಾರೆ ಎಂದು ಒಂದು. ಅಲ್ಲಿಗೆ ಆರು ಜನ ಉದ್ದನೆಯ ಹಗ್ಗ ತೆಗೆದುಕೊಂಡು ಹೋದರು. ಅವರು ಹೊರಟ ಮೇಲೆ ಎರಡನೆಯದು. ಬೀಳಗಿ ಕಡೆಯ ಗುಡ್ಡ, ತಮ್ಮ ಬಿದ್ದ ಗುಡ್ಡದ ಪಕ್ಕದ್ದೇ. ಜೇನು ಕೀಳಲು ಇಳಿದವನೊಬ್ಬ ಕಾಲು ಮುರಿದುಕೊಂಡು ಬಂಡೆಯ ಚಾಚಿನ ಮೇಲೆ ಬಿದ್ದಿದ್ದ. ನಾವು ಉಳಿದದ್ದು ನಾಲ್ವರು: ಕಾಕಾ, ನಾನು, ಟೆಂಪೊದವನು, ಇನ್ನೊಬ್ಬ ಮಗ್ಗದವನು. ಚೀಲದಲ್ಲಿದ್ದದ್ದು ಎರಡು ತುಂಡು ನೈಲಾನು.

ಗುಡ್ಡದ ಮೇಲೆ ಸುತ್ತಲಿನ ಹಳ್ಳಿಯ ಐವತ್ತು ಅರವತ್ತು ಜನ ಸೇರಿದ್ದರು. ಕಾಕಾ ಅಂಚಿಗೆ ಬಗ್ಗಿ ಕೆಳಗೆ ಕೂಗಿದ, “ಹೆದರಬ್ಯಾಡೋ ತಮ್ಮಾ, ಬಂದ್ವಿ!” ನಂತರ ನಮ್ಮ ಕಡೆ ತಿರುಗಿ, “ನಾನ ಹಗರ ಅದೇನಿ, ನಾ ಇಳೀತೇನಿ. ನೀವು ಮೂವರು ಹಿಡೀರಿ, ಇವ್ರನ್ನೂ ಕರಕೋರಿ” ಎಂದ. ಹಗ್ಗ ಸಾಲುವುದಿಲ್ಲ, ಜೋಡಿಸಲೇಬೇಕು. ಕೆಳಗಿನವನಿಗೆ ಧೈರ್ಯ ಹೇಳುತ್ತ, ಟೆಂಪೊದವನಿಗೆ ಬಂಡೆಯ ಅಂಚಿಗೆ ಗೋಣಿಚೀಲ ಹಾಸಲು ಹೇಳುತ್ತ, ಎರಡೂ ತುದಿಗಳನ್ನು ಕೈಗೆ ತೆಗೆದುಕೊಂಡ. ಬಾಯಿ ಮಾತಾಡುತ್ತಿತ್ತು. ಬೆರಳು ತಮ್ಮ ಪಾಡಿಗೆ ತಾವು ಕಟ್ಟಿ ಮುಗಿಸಿದವು.

ಅದೇ ಗಂಟು. ಸಣ್ಣದು, ಚಪ್ಪಟೆ, ಫಣಿಯಲ್ಲಿ ಸಿಗದೆ ದಾಟುವಂಥದ್ದು.

ನಾನು ನೋಡಿದೆ. ಬೇರೆ ಯಾರೂ ನೋಡಲಿಲ್ಲ. ಅವನೂ ನೋಡಲಿಲ್ಲ. ಸೊಂಟಪಟ್ಟಿ ಬಿಗಿದುಕೊಂಡ, ಅಂಗೈಗೆ ಬಟ್ಟೆ ಸುತ್ತಿದ, ಚಪ್ಪಲಿ ಬಿಟ್ಟ, ಬೆನ್ನು ಕಣಿವೆಯ ಕಡೆ ಮಾಡಿ ಅಂಚಿಗೆ ನಿಂತ. ಆ ಜೋಡಣೆ ಸರಿಯಾಗಿ ನನ್ನ ಎರಡು ಕೈಗಳ ನಡುವೆ ಇತ್ತು. ಒಂದು ವರ್ಷದಿಂದ ಬೇಡಿದ್ದು ದೇವರು ಕೈಯಲ್ಲೇ ಇಟ್ಟಿದ್ದ. ನಾನು ಏನೂ ಮಾಡಬೇಕಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿದ್ದೆ. ಎಷ್ಟು ಹೊತ್ತು ಎಂದು ಈಗ ಹೇಳಲಾರೆ, ಆದರೆ ಸುಮ್ಮನಿದ್ದೆ. ಇದನ್ನು ಮುಚ್ಚಿಟ್ಟರೆ ನಾನೂ ಅವನ ಹಾಗೆ ಸುಳ್ಳು ಹೇಳಿದಂತೆ.

ಕೆಳಗಿನಿಂದ ಜೇನಿನವನು ನರಳಿದ. ನನ್ನ ಲೆಕ್ಕದಲ್ಲಿ ಅವನು ಇರಲೇ ಇಲ್ಲ. ಅವನ ನರಳಿಕೆ ಕೇಳಿ ಮನಸ್ಸು ಕರಗಿತು ಎಂದು ಬರೆದರೆ ಓದಲು ಚೆಂದ. ನಿಜ ಅದಲ್ಲ. ಆ ಹೊತ್ತಿನಲ್ಲಿ ನನ್ನ ತಲೆಗೆ ಹೊಳೆದದ್ದು ಬೇರೆ. ಕಾಕಾ ಈಗ ಬಿದ್ದರೆ ಈ ಐವತ್ತು ಅರವತ್ತು ಜನ ಊರಿಗೆ ಹೋಗಿ ಏನು ಹೇಳುತ್ತಾರೆ? ‘ಹಗ್ಗ ಹರೀತು’ ಎನ್ನುತ್ತಾರೆ. ಮತ್ತೆ ಹಗ್ಗವೇ ಹರಿಯುತ್ತದೆ. ಸತ್ಯ ಅವನ ಜೊತೆಗೇ ಕಲ್ಲಿನ ಮೇಲೆ ಒಡೆದುಹೋಗುತ್ತದೆ, ಅವ್ವ ಸಾಯುವವರೆಗೂ ತುಪ್ಪದ ಗಿಂಡಿ ನೋಡುತ್ತ ಕೂರುತ್ತಾಳೆ. ಬೀಳಲು ಬಿಟ್ಟರೆ ಅವನು ಪಾರಾದ ಹಾಗೆ.

“ಕಾಕಾ, ನಿಂದರ್ರಿ” ಎಂದೆ.

“ಏನ ಯವ್ವಾ?”

“ಈ ಗಂಟ ಯಾರ ಹಾಕ್ಯಾರ್ರಿ?” ಹಗ್ಗವನ್ನು ಎತ್ತಿ ಹಿಡಿದೆ. “ನೋಡ್ರಿ. ನನ್ನ ತಮ್ಮನ ಹಗ್ಗಕ್ಕ ಹಾಕಿದ್ದೂ ಇದ ಗಂಟ ಅಲ್ಲೇನು? ಮಂದಿ ಮುಂದ ಹೇಳ್ರಿ. ಹೇಳಿ ಕೆಳಗ ಇಳೀರಿ.”

ಟೆಂಪೊದವನು ಗದರಿದ, “ಏ ತಂಗಿ, ಈಗೇನ ಇದು? ಕೆಳಗ ಮನಷ್ಯಾ ಸಾಯಾಕತ್ತಾನ!”

“ಅಂವ ಸಾಯಬಾರದಂತನ ಈಗ ಕೇಳಾಕತ್ತೇನಿ” ಎಂದೆ.

ಕಾಕಾ ಅಂಚಿನಿಂದ ಎರಡು ಹೆಜ್ಜೆ ಈಚೆ ಬಂದ. ನನ್ನ ಕೈಯಲ್ಲಿದ್ದ ಗಂಟನ್ನು ಮುಟ್ಟಿದ. ಆಮೇಲೆ ತನ್ನ ಬೆರಳುಗಳನ್ನೇ ನೋಡಿಕೊಂಡ, ಅವು ಯಾರವೋ ಎನ್ನುವಂತೆ. ಜನರ ಕಡೆ ತಿರುಗಿ, ಕೂಗದೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ.

“ಖರೆ ಐತಿ. ಹೋದ ವರ್ಷ ಈಕಿ ತಮ್ಮ ಸತ್ತಾಗ ಹಗ್ಗ ಹರದಿರಲಿಲ್ಲ. ಗಂಟ ಜಾರಿತ್ತು. ನಾ ಹಾಕಿದ ಗಂಟ. ಹರೀತು ಅಂತ ಸುಳ್ಳ ಹೇಳಿದೆ.”

“ಯಾಕ ಹೇಳಿದ್ರಿ?”

“ಅಂಜಿದ್ದೆ ಯವ್ವಾ. ಅಷ್ಟ.”

ಇನ್ನೇನಾದರೂ ಕಾರಣ ಹೇಳಿದ್ದರೆ ಅದನ್ನು ಹರಿದು ಹಾಕಲು ನಾನು ವರ್ಷವಿಡೀ ಮಾತು ಕೂಡಿಟ್ಟಿದ್ದೆ. ಕಾಕಾ ಹಗ್ಗ ನನ್ನ ಕಡೆ ಸರಿಸಿ, “ನೀ ಹಾಕು. ನಾ ಮುಟ್ಟಾಂಗಿಲ್ಲ” ಎಂದ. ಆ ಗಂಟು ಬಿಚ್ಚಿದೆ. ಎಂಟರ ಗಂಟು ಹಾಕಿದೆ, ಅದರ ಬೆನ್ನಿಗೆ ಇನ್ನೊಂದು ಹಾಕಿದೆ, ಕಾಲು ಕೊಟ್ಟು ಎಳೆದು ಬಿಗಿ ಮಾಡಿದೆ. ನಾನು ಬಾವಿಗೆ ಇಳಿಯುವಾಗ ಅವನ ಗಂಟನ್ನು ಮೂರು ಸಲ ಬಿಚ್ಚಿಸಿದ್ದೆ. ಅವನು ನನ್ನದನ್ನು ತಿರುಗಿ ಕೂಡ ನೋಡದೆ ಇಳಿದುಹೋದ.

ಜೇನಿನವನು ಬದುಕಿದ. ಟೆಂಪೊದ ಹಿಂಬದಿಯಲ್ಲಿ ವಾಪಸ್ಸು ಬರುವಾಗ ಕಾಕಾ ಎದುರು ಕೂತಿದ್ದ. ಮುಧೋಳ ದಾಟಿದ ಮೇಲೆ ತಲೆ ತಗ್ಗಿಸಿಕೊಂಡೇ ಅಂದ, “ನಿನ್ನ ಕೈಯಾಗ ಹಗ್ಗ ಯಾಕ ಕೊಟ್ಟೆ ತಿಳದೀ? ಬಾಕಿ ಎಲ್ಲಾರೂ ನನ್ನ ಗಂಟ ಅಂದ್ರ ಕಣ್ಣ ಮುಚ್ಚತಾರ. ನೀ ಬಂದ ದಿನಾನ ಗೊತ್ತಾತು ನೀ ಯಾಕ ಬಂದಿ ಅಂತ. ನನ್ನ ತಪ್ಪ ಹುಡಕಾವ್ರು ಒಬ್ರು ಬೇಕಾಗಿತ್ತು.”

ನನ್ನ ಮೈ ಉರಿದುಹೋಯಿತು. ಒಂದು ವರ್ಷ ಹಲ್ಲು ಕಚ್ಚಿ ಕಾಪಾಡಿದ ಸಿಟ್ಟನ್ನು ಈ ಮನುಷ್ಯ ಎತ್ತಿಗೆ ನೊಗ ಹೂಡಿದ ಹಾಗೆ ದುಡಿಸಿಕೊಂಡಿದ್ದ! ಬನಹಟ್ಟಿ ಬಂದರೂ ನಾನು ಅವನ ಮುಖ ನೋಡಲಿಲ್ಲ. ಅವನು ಇಳಿದು ಮನೆಗೆ ಹೋಗದೆ ನೇರ ನಮ್ಮ ಬಾಗಿಲಿಗೆ ಬಂದು, ಅವ್ವನ ಎದುರು ಕೈಮುಗಿದು, ಗುಡ್ಡದ ಮೇಲೆ ಹೇಳಿದ್ದನ್ನು ಮತ್ತೊಮ್ಮೆ ಹೇಳಿದ. ಅವ್ವ ಬೈಯಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಒಂದೇ ಮಾತು ಕೇಳಿದಳು, “ಹಂಗಾದ್ರ ನನ್ನ ಮಗ ಭಾರ ಇರಲಿಲ್ಲ?”

“ಇರಲಿಲ್ಲ ವೈನಿ.”

ಮರುದಿನ ಅವ್ವ ಮಾಡದಲ್ಲಿದ್ದ ಗಿಂಡಿ ಇಳಿಸಿದಳು. ತುಪ್ಪ ಕಮಟಾಗಿತ್ತು. ಚೆಲ್ಲಿ, ಗಿಂಡಿಗೆ ಬೂದಿ ಹಚ್ಚಿ ತಿಕ್ಕಿ ಬಿಸಿಲಿಗಿಟ್ಟಳು. ನಾನು ಗೆದ್ದಿದ್ದೆ.

ಉಳಿದದ್ದನ್ನು ಊರು ಮಾಡಿತು. ಹಗ್ಗದವರು ಕಾಕಾನನ್ನು ಕರೆಯುವುದು ಬಿಟ್ಟರು. ಬೈಯಲಿಲ್ಲ, ಟೆಂಪೊ ಅವನ ಮನೆ ಮುಂದೆ ನಿಲ್ಲದೆ ನಮ್ಮ ಮನೆ ಮುಂದೆ ನಿಲ್ಲತೊಡಗಿತು ಅಷ್ಟೆ. ಹಗ್ಗಗಳು ಅವನ ಗೂಟದಿಂದ ನಮ್ಮ ಅಂಗಳಕ್ಕೆ ಬಂದವು. ಅವನು ಕಟ್ಟೆಯ ಮೇಲೆ ಕೂತು ನಾವು ಹೊರಡುವುದನ್ನು, ಬರುವುದನ್ನು ನೋಡುತ್ತಿದ್ದ. ನನಗೆ ಖುಷಿಯಾಗಿತ್ತು. ಅವನಿಗೆ ಕಾಣಲಿ ಎಂದೇ ಹಿತ್ತಲು ಬಿಟ್ಟು ಮುಂಬಾಗಿಲ ಮುಂದೆ ಹಗ್ಗ ಒಣಹಾಕುತ್ತಿದ್ದೆ.

ಒಂದು ದಿನ ಹಾಗೆ ಒಣಹಾಕುತ್ತಿದ್ದಾಗ ಆ ಕಡೆಯಿಂದ ಕೂಗಿದ, “ಯವ್ವಾ, ಆ ನೀಲಿ ಹಗ್ಗದ ನಡುವ ಸವದೈತಿ ನೋಡು.”

“ನನಗ ಗೊತ್ತೈತ್ರಿ” ಎಂದೆ. ಗೊತ್ತಿರಲಿಲ್ಲ. ಒಳಗೆ ಒಯ್ದು ನೋಡಿದರೆ ಎರಡು ಎಳೆ ಕಿತ್ತಿದ್ದವು. ಕತ್ತರಿಸಿ ಒಲೆಗೆ ಹಾಕಿದೆ. ಉಪಕಾರವಾಯಿತು ಎಂದು ಹೇಳಲಿಲ್ಲ. ಆಮೇಲೆ ಅದು ರೂಢಿಯಾಯಿತು. ಅವನು ಕಟ್ಟೆಯಿಂದ ಕೂಗುವುದು, ನಾನು ಗೊತ್ತೈತಿ ಎನ್ನುವುದು, ಒಳಗೆ ಹೋಗಿ ನೋಡುವುದು. ಆರು ಸಲವೋ ಏಳು ಸಲವೋ... ಒಮ್ಮೆಯೂ ಅವನ ಕಣ್ಣು ತಪ್ಪಿರಲಿಲ್ಲ.

ಹತ್ತಿಯ ಧೂಳು ಕುಡಿದ ಎದೆ ಅವನದು. ಎರಡನೆಯ ಚಳಿಗಾಲ ದಾಟಲಿಲ್ಲ. ಹಾಸಿಗೆಯ ಮೇಲೆ, ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟು ಹೋದ. ಮಣ್ಣಿಗೆ ಹೋಗಿದ್ದೆ, ಹಿಡಿ ಮಣ್ಣು ಹಾಕಿದೆ, ಅಳಲಿಲ್ಲ. ಅವನು ಎತ್ತಿ ತಂದ ಜನ ಎಲ್ಲೆಲ್ಲಿಂದಲೋ ಬಂದಿದ್ದರು, ಎಮ್ಮೆಯ ಮುದುಕನೂ ಬಂದಿದ್ದ. ನನಗೆ ಅನ್ನಿಸಿದ್ದು ಒಂದೇ, ನನ್ನ ತಮ್ಮನಿಗೆ ಇಂಥ ಸಾವು ಸಿಗಲಿಲ್ಲವಲ್ಲ. ಕ್ಷಮಿಸಿದೆ ಎಂದು ಅಂದೂ ಹೇಳಲಿಲ್ಲ, ಇಂದೂ ಬರೆಯಲಾರೆ. ಕಾಕಾನ ಹೆಂಡತಿ ಮಗಳ ಊರಿಗೆ ಹೋದಳು. ಎದುರು ಮನೆಗೆ ಬೀಗ ಬಿತ್ತು.

ಈಗ ಹಗ್ಗದವರಿಗೆ ನಾನೇ ಹಿರಿಯಳು, ವಯಸ್ಸಿನಲ್ಲಿ ದೊಡ್ಡವರಿಗೂ ಅಕ್ಕ. ಗುಡ್ಡಕ್ಕೆ ಹೋದರೆ ಜೋಡಣೆ ಹಾಕುವವಳು ನಾನೇ. ಅಕ್ಕ ಹಾಕಿದ ಗಂಟು ಎಂದರೆ ಮುಗಿಯಿತು, ಯಾರೂ ನೋಡು ಎನ್ನುವುದಿಲ್ಲ, ನೋಡುವುದೂ ಇಲ್ಲ.

ನಿನ್ನೆ ಕೈಗೆ ಸಿಕ್ಕ ಗಂಟು ನಾನು ಹಾಕಿದ್ದು. ಎಂಟರ ಗಂಟಲ್ಲ. ಸಣ್ಣದು, ಚಪ್ಪಟೆ. ಮೋಡ ಕವಿದಿತ್ತು, ಬಂಡೆಯ ನಡುವಿನ ಹುಡುಗಿ ಅಳುತ್ತಿದ್ದಳು, ನಾನು ಅವಳಿಗೆ ಧೈರ್ಯ ಹೇಳುತ್ತಿದ್ದೆ... ಬೆರಳು ತಮ್ಮ ಪಾಡಿಗೆ ತಾವು ಕಟ್ಟಿ ಮುಗಿಸಿವೆ. ಒದ್ದೆ ನೈಲಾನು. ಅದರ ಮೇಲೆ ಎರಡು ಜೀವ ಎಳೆದಿದ್ದೇವೆ. ಹಗ್ಗ ಜಾರಿ ಜಾರಿ, ಗಂಟಿನ ಆಚೆ ತುದಿ ಬೆರಳುದ್ದ ಉಳಿದಿತ್ತು. ಮೂರನೆಯವರು ಇದ್ದಿದ್ದರೆ ಮನೆಗೆ ಬಂದು ನಾನು ಏನು ಹೇಳುತ್ತಿದ್ದೆ? ಬಕೀಟಿನ ಮುಂದೆ ಕೂತಲ್ಲೇ ನನ್ನ ಬಾಯಿಗೆ ಬಂದ ಮಾತು ಎರಡೇ, ಕಾಕಾ ಅವ್ವನಿಗೆ ಹೇಳಿದ್ದ ಅದೇ ಎರಡು ಮಾತು.

ಇವತ್ತು ಬೆಳಿಗ್ಗೆ ಎಲ್ಲರನ್ನೂ ಕರೆಸಿ ಆ ಗಂಟನ್ನು ತೋರಿಸಿದೆ, ನಾನು ಹಾಕಿದ್ದು ಎಂದೆ. ಟೆಂಪೊದವನು ನಕ್ಕುಬಿಟ್ಟ, “ಹೋಗ್ಲಿ ಬಿಡಕ್ಕಾ, ಏನೂ ಆಗಿಲ್ಲಲ್ಲ.” ಉಳಿದವರೂ ಹೋಗ್ಲಿ ಬಿಡು ಎಂದರು. ಒಬ್ಬರ ಮುಖದಲ್ಲೂ ಸಿಟ್ಟಿಲ್ಲ. ಒಬ್ಬೊಬ್ಬರದೇ ಕಣ್ಣು ನೋಡಿದೆ, ನಾನು ಬೀಳಲಿ ಎಂದು ಕಾಯುವವರು ಒಬ್ಬರಾದರೂ ಇದ್ದಾರೆಯೇ ಎಂದು. ಎಲ್ಲರಿಗೂ ನನ್ನ ಮೇಲೆ ಪ್ರೀತಿ.

ಅವರು ಹೋದ ಮೇಲೆ ಹಗ್ಗವನ್ನು ಮುಂಬಾಗಿಲ ಮುಂದೆಯೇ ಒಣಹಾಕಿದೆ, ಎದುರಿನ ಕಟ್ಟೆಗೆ ಕಾಣುವ ಹಾಗೆ. ಬಿಸಿಲು ಏರುವವರೆಗೂ ಅಲ್ಲೇ ನಿಂತಿದ್ದೆ.